ಹಾಳೂರಿನ ಮಣ್ಣು

ನಮ್ಮೂರ ಪಕ್ಕದ ಹಾಳೂರ ದಿಬ್ಬದ ಮುಂದೆ ಸರ್ಕಾರ ನೀಲಿ ಫಲಕ ನಿಲ್ಲಿಸಿದೆ. ಸಾವಿರಾರು ವರ್ಷಗಳ ಹಿಂದೆ ಜನ ಬದುಕಿದ್ದ ಜಾಗ, ಸಂರಕ್ಷಿತ, ಅಗೆದರೆ ಶಿಕ್ಷೆ ಎಂದು ಬರೆದಿದೆ. ಆ ಫಲಕದ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ. ಅದರ ಮೇಲೆ ಗುಟಕಾ ಉಗುಳುತ್ತಾರೆ, ಹಿಂದೆ ಚೊಂಬು ಹಿಡಿದು ಕೂರುತ್ತಾರೆ. ಥೂ, ಎಂಥ ಜನ ನಾವು.

ನಾವು ಅಂದೆ, ಯಾಕೆಂದರೆ ನಾನೂ ಅವರಲ್ಲೊಬ್ಬ. ದಿಬ್ಬದ ಬೂದಿ ಮಣ್ಣಿಗೆ ಕಬ್ಬು ಸೊಕ್ಕಿ ಬೆಳೆಯುತ್ತದೆ ಎಂಬುದು ಊರಿಗೇ ಗೊತ್ತು. ಹಿಂದೆ ಮಣ್ಣಿನ ಮಾಳಿಗೆ ಸೋರಿದರೆ ಮೇಲೆ ಹರವಲು ಬುಟ್ಟಿಯಲ್ಲಿ ತರುತ್ತಿದ್ದರು. ಈಗ ಗೋಕಾಕದಿಂದ ಜೆಸಿಬಿ ಬರುತ್ತದೆ. ಹುಕ್ಕೇರಿಯ ಶಾಲೆಯಲ್ಲಿ ಇತಿಹಾಸ ಕಲಿಸುವ ನಾನು ಹೋದ ಬೇಸಿಗೆ ರಜೆಯಲ್ಲಿ ನಮ್ಮ ಹೊಲಕ್ಕೆ ಐದು ಟ್ರ್ಯಾಕ್ಟರ್ ಮಣ್ಣು ಹೊಡೆಸಿದೆ. ಓದುವುದು ಶಾಸ್ತ್ರ, ಇಕ್ಕುವುದು ಗಾಳ. "ಎಲ್ಲಾರೂ ಒಯ್ಯಾಕತ್ತಾರ, ನೀ ಒಬ್ಬನ ಶಾಣ್ಯಾ ಏನ?" ಎಂದ ಅಪ್ಪನ ತಮ್ಮ, ನಮ್ಮ ಕಾಕಾ. ನನಗೆ ಅಷ್ಟೇ ಸಾಕಾಯಿತು. ಹಳೆಯ ಮಡಕೆ ಚೂರುಗಳು ಗಾಲಿಯಡಿ ಪುಡಿಯಾಗುವುದನ್ನು ಚಹಾ ಕುಡಿಯುತ್ತ ನೋಡಿದೆ.

ಅಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು, "ದಿಬ್ಬದ ಯಾವ ಬಾಜೂ ಮಣ್ಣ ಕಡಸೀದಿ?"

"ಬೇವಿನ ಗಿಡದ ಬಾಜೂ."

ಅವಳ ಕೈ ನಿಂತಿತು. "ನಿಮ್ಮ ಅಕ್ಕ ಅಲ್ಲೇ ಅದಾಳಲ್ಲೋ ತಮ್ಮಾ."

ನನಗಿಂತ ಮೊದಲು ಹುಟ್ಟಿ ಹನ್ನೊಂದು ದಿನ ಬದುಕಿದ್ದ ಕೂಸು. ಹಲ್ಲು ಬಾರದ ಕೂಸುಗಳನ್ನು ರುದ್ರಭೂಮಿಗೆ ಒಯ್ಯದೆ ದಿಬ್ಬದ ಬುಡದಲ್ಲಿ ಹುಗಿಯುವುದು ನಮ್ಮೂರ ರೂಢಿ. ನನಗದು ಗೊತ್ತಿತ್ತು. ಅವ್ವ ಅಮಾವಾಸ್ಯೆಗೊಮ್ಮೆ ಆ ಬೇವಿನ ಬುಡಕ್ಕೆ ಹೋಗಿ ಸುಮ್ಮನೆ ಕೂತು ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕಬ್ಬಿನ ಆಸೆಗೆ ಮರೆತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಕಾಕಾ ಮಾತ್ರ ಅಡಿಕೆ ಕತ್ತರಿಸುತ್ತ, "ಇಷ್ಟ ವರ್ಷದ ಮ್ಯಾಲ ಅಲ್ಲೇನ ಉಳದಿರತೈತಿ, ಬಿಡ" ಎಂದ. 

ಮರುದಿನ ಬೆಳಗ್ಗೆ ಅವ್ವ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಬದುವಿನ ಮೇಲೆ ಚಪ್ಪಲಿ ಬಿಟ್ಟು ನಿಂತಳು.

"ಎಲ್ಲೆ ಸುರವೀದಿ, ತೋರಸು."

ಹಿಂದಿನ ದಿನ ಮಣ್ಣು ಬಿದ್ದ ಕೂಡಲೇ ಕುಂಟೆ ಹೊಡೆಸಿ ಹೊಲದ ತುಂಬ ಹರವಿಸಿದ್ದೆ. ಎತ್ತಿದ ಕೈ ಯಾವ ಕಡೆಗೂ ಹೋಗಲಿಲ್ಲ.

"ಎಲ್ಲಾ ಕಡೆ, ಅವ್ವಾ" ಎಂದೆ.

ಅವಳು ಆ ಹೊಲದೊಳಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ.