ಮೇಷ್ಟ್ರು ಕಿತ್ತುಕೊಂಡ ಉಸಿರು

ಇಪ್ಪತ್ತೆರಡು ವರ್ಷದಿಂದ ಸ್ಕೂಬಾ ಡೈವಿಂಗ್ ಕಲಿಸುತ್ತಿದ್ದ ಮೇಷ್ಟ್ರಿಗೆ ಒಂದು ಮಾತು ಬಾಯಿಪಾಠವಾಗಿತ್ತು. "ನೀರಡಿ ಗಾಳಿಗೆ ತೊಂದರೆ ಬಂದ್ರೆ ಜೊತೆಗಾರರ ಎದೆ ಮೇಲಿರೋ ಹಳದಿ ರೆಗ್ಯುಲೇಟರ್, ಅಂದ್ರೆ ಬಾಯಿಗಿಟ್ಟು ಉಸಿರಾಡೋ ಸಾಧನ, ತಗೊಳ್ಳಿ. ಅದು ಇರೋದೇ ಇನ್ನೊಬ್ಬರಿಗೆ. ಆದ್ರೆ ಪುಕ್ಕಲನಿಗೆ ಹಳದಿ ಎಲ್ಲಿ ಕಾಣುತ್ತೆ? ಅವರ ಬಾಯಲ್ಲಿರೋದನ್ನೇ ಕಿತ್ಕೋತಾನೆ!" ಎಂದು ನಟಿಸಿ ತೋರಿಸುತ್ತಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು.

ಅವರ ಸೊಸೆಗೆ ತಾನೂ ಡೈವಿಂಗ್ ಕಲಿಸಬೇಕೆಂಬ ಆಸೆ. ಮೇಷ್ಟ್ರು ಅವಳನ್ನು ಎರಡು ಸಲ ಪರೀಕ್ಷೆಯಲ್ಲಿ ಫೇಲು ಮಾಡಿದ್ದರು. "ನೀನು ಗಾಬರಿ ಬೀಳ್ತೀಯ ಕಣಮ್ಮ."

"ಇರಲಿ ಮಾವ. ನಿಮ್ಮ ರೆಗ್ಯುಲೇಟರ್ ಬಿಚ್ಚಿ ನೋಡಿ ಎಷ್ಟು ದಿನ ಆಯ್ತು?"

ಶಿಷ್ಯರ ಸಾಮಾನನ್ನು ಕಣ್ಣಲ್ಲಿ ಕಣ್ಣಿಟ್ಟು ಶುಚಿಮಾಡುವ ಈ ಮಹಾನುಭಾವರು ತಮ್ಮದನ್ನು ಮಾತ್ರ ನಾಳೆ ನಾಳೆ ಎಂದು ತಳ್ಳುತ್ತಿದ್ದರು. "ನಂದಕ್ಕೇನಾಗಿದೆ? ಗಟ್ಟಿಮುಟ್ಟಾಗಿದೆ."

ಮೂರನೆಯ ಪರೀಕ್ಷೆಯ ದಿನ, ಹದಿನೆಂಟು ಮೀಟರ್ ಆಳದಲ್ಲಿ, ಆ ಗಟ್ಟಿಮುಟ್ಟು ರೆಗ್ಯುಲೇಟರ್ ಕೈಕೊಟ್ಟಿತು. ಗಾಳಿ ನಿಲ್ಲದೆ ಭೋರೆಂದು ನುಗ್ಗತೊಡಗಿತು. ಆಗ ಬಾಯಿ ಬಿಗಿಯದೆ, ಅದನ್ನು ಓರೆಯಾಗಿ ಹಿಡಿದು ಗುಟುಕು ಗುಟುಕಾಗಿ ಎಳೆದುಕೊಂಡು, ಜೊತೆಗಾರರಿಗೆ ಸನ್ನೆ ಮಾಡಿ ನಿಧಾನವಾಗಿ ಮೇಲೇರಬೇಕು. ಇದನ್ನು ಅವರೇ ನೂರಾರು ಜನಕ್ಕೆ ಕಲಿಸಿದ್ದರು. ಆದರೆ ಗುಳ್ಳೆಗಳು ಮುಖಕ್ಕೆ ಮುತ್ತಿದಾಗ ಕಲಿಸಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಕೈ ಚಾಚಿ ಸೊಸೆಯ ಬಾಯಲ್ಲಿದ್ದದ್ದನ್ನೇ ಕಿತ್ತುಕೊಂಡರು.

ಅವಳು ಒಂದು ಕೈಯಲ್ಲಿ ಮಾವನ ಭುಜದ ಪಟ್ಟಿ ಹಿಡಿದಳು. ಇನ್ನೊಂದರಲ್ಲಿ ತನ್ನ ಎದೆ ಮೇಲಿದ್ದ ಹಳದಿಯದನ್ನು ಬಾಯಿಗಿಟ್ಟುಕೊಂಡಳು. ನಿಧಾನ ಎಂದು ಸನ್ನೆ ಮಾಡಿ ಮೇಲಕ್ಕೆ ಕರೆತಂದು, ಐದು ಮೀಟರ್ ಆಳದಲ್ಲಿ, ಮೈ ಒತ್ತಡದ ಬದಲಾವಣೆಗೆ ಹೊಂದಿಕೊಳ್ಳಲೆಂದು, ನಿಯಮದಂತೆ ಮೂರು ನಿಮಿಷ ನಿಲ್ಲಿಸಿದಳು. ಮುಖ ತಿರುಗಿಸೋಣವೆಂದರೆ ಮೇಷ್ಟ್ರ ಬಾಯಲ್ಲಿದ್ದದ್ದು ಅವಳ ಸಿಲಿಂಡರಿನದೇ ಕೊಳವೆ, ಅದೂ ಗಿಡ್ಡ. ಅಷ್ಟು ಹೊತ್ತೂ ಅವಳ ಎದುರಿಗೇ ಕಣ್ಣು ಮುಚ್ಚಿಕೊಂಡು ನಾಚಿಕೆಯಿಂದ ಹಿಡಿಯಾದರು.

ದೋಣಿಯವನು ಕೈ ಕೊಟ್ಟು ಎಳೆದುಕೊಂಡ. "ಏನಾಯ್ತು?"

"ಮಾವ ಬೇಕಂತಲೇ ನಂದು ಕಿತ್ಕೊಂಡ್ರು. ನಾನು ಗಾಬರಿ ಬೀಳ್ತೀನಾ ನೋಡೋಕೆ," ಎಂದಳು ಸೊಸೆ.

"ಭಲೇ ಮೇಷ್ಟ್ರೇ!"

ಮೇಷ್ಟ್ರು ಅವಳ ಪರೀಕ್ಷೆಯ ಹಾಳೆ ತೆಗೆದರು. ಪಾಸು ಎಂದು ಬರೆದು ಸಹಿ ಹಾಕಿದರು. ಊಟಕ್ಕೆ ಕೂತಾಗ ಹೆಂಡತಿ, "ಅಂತೂ ಮನಸ್ಸು ಮಾಡಿದ್ರಲ್ಲ, ದೊಡ್ಡವರು ನೀವು," ಎಂದಳು. ಮೇಷ್ಟ್ರು ತಟ್ಟೆ ಸರಿಸಿ ಎದ್ದರು. ಕಿತ್ತುಕೊಂಡದ್ದಕ್ಕಿಂತ ಆ ಹೊಗಳಿಕೆ ಹೊತ್ತು ತಿರುಗುವುದೇ ಹೆಚ್ಚು ಹೇಸಿಗೆಯೆನಿಸಿತು.

ಮುಂದಿನ ವಾರ ಹೊಸ ತರಗತಿ. ಸೊಸೆ ಹಿಂದೆ ಕೊಳವೆಗಳನ್ನು ಸುತ್ತುತ್ತಿದ್ದಳು. ಬಾಯಿಪಾಠ ತಾನಾಗಿ ಹೊರಟಿತು, ಎಲ್ಲರೂ ನಕ್ಕರು. ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು: "ನಿಜವಾಗ್ಲೂ ಹಂಗೆ ಕಿತ್ಕೊಂಡೋರು ಇದಾರಾ ಸಾರ್?"

ಸೊಸೆಯ ಕೈ ನಿಂತಿತು. ಬೇಡ ಎಂಬಂತೆ ತಲೆಯಾಡಿಸಿದಳು.

"ಇದಾರೆ," ಎಂದರು ಮೇಷ್ಟ್ರು. "ನಾನೇ. ಹೋದ ವಾರ, ಅಲ್ಲಿ ನಿಂತಿದಾಳಲ್ಲ, ಅವಳ ಬಾಯಿಂದ. ಪರೀಕ್ಷೆಗೀಕ್ಷೆ ಏನಲ್ಲ. ಹೆದರಿದ್ದೆ."

ಯಾರೂ ನಗಲಿಲ್ಲ. ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಶಿಷ್ಯರ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತರು. "ಮುಂದಿನದು ನೀನು ಹೇಳಮ್ಮ."

ಸೊಸೆ ಮುಂದೆ ಬಂದಳು. ಸೀಮೆಸುಣ್ಣ ಮುಟ್ಟಲಿಲ್ಲ. ಅವರ ಎದುರಿಗೆ ಕೈ ಚಾಚಿದಳು.

"ಮೊದಲು ನಿಮ್ಮ ರೆಗ್ಯುಲೇಟರ್ ಕೊಡಿ ಮಾವ. ಬಿಚ್ಚೋಣ."