ಗೆದ್ದ ರಕ್ತ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ, ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸಬೇಕೆಂದು ಕಲಿತವನು ನಾನು. ಕಳ್ಳಕವಟಗಿ ಹಳ್ಳಿಯ ಒಬ್ಬ ಕುರಿಗಾರನ ವಾದವನ್ನು ಮಾತ್ರ ಖಂಡಿಸುವ ಮನಸ್ಸೇ ಆಗಲಿಲ್ಲ.

ವಿಜಯಪುರದ ನಮ್ಮ ಪ್ರಯೋಗಾಲಯ ಲೈಮ್ ರೋಗದ ಲಸಿಕೆಯ ಹುಡುಕಾಟದಲ್ಲಿ ಒಂದು ಸಣ್ಣ ಪಾಲು ವಹಿಸಿಕೊಂಡಿತ್ತು. ಆ ರೋಗ ನಮ್ಮ ಕಡೆಯದಲ್ಲ. ಆದರೆ ಅದರ ದಾಯಾದಿಯೊಂದು ಇಲ್ಲಿನ ಮಣ್ಣಿನ ಗೋಡೆಗಳ ಬಿರುಕಿನಲ್ಲಿ ಅಡಗಿದ, ರಕ್ತ ಹೀರುವ ಉಣ್ಣಿಗಳಿಂದ ಹರಡಿ, ಬಿಟ್ಟು ಬಿಟ್ಟು ಜ್ವರ ತರುತ್ತಿತ್ತು. ಗುಣವಾದವರ ರಕ್ತದಲ್ಲಿರುವ ಪ್ರತಿಕಾಯಗಳು ರೋಗಾಣುವಿನ ಮೈಯನ್ನು ಎಲ್ಲಿ ಹಿಡಿದರೆ ಅದು ಸಾಯುತ್ತದೆ, ಎಲ್ಲಿ ಹಿಡಿದರೆ ನುಣುಚಿಕೊಳ್ಳುತ್ತದೆ ಎಂದು ಗುರುತಿಸಬೇಕಿತ್ತು. ಸಾಯಿಸುವ ಜಾಗ ತಿಳಿದರೆ ಲಸಿಕೆಗೆ ಗುರಿ ಸಿಕ್ಕಂತೆ. ರಕ್ತ ಕೊಡಲು ಜನರನ್ನು ಒಪ್ಪಿಸುವುದು ನನ್ನ ಕೆಲಸ.

ಕುರಿಗಾರನಿಗೆ ಜ್ವರ ಬಂದು ತಾನಾಗಿಯೇ ಬಿಟ್ಟುಹೋಗಿತ್ತು. ಅವನ ಹೆಂಡತಿಯಾದರೋ ಅದೇ ಜ್ವರದಲ್ಲಿ ಬಸಿರು ಕಳೆದುಕೊಂಡಿದ್ದಳು. ಗುಳಿಗೆ ಆ ಜ್ವರವನ್ನು ಇಳಿಸಿತು, ಮುಂದಿನ ಕಡಿತವನ್ನು ತಡೆಯುವಂತಿರಲಿಲ್ಲ. ಈಗ ಆಕೆ ಮತ್ತೆ ಗರ್ಭಿಣಿ. ನನ್ನ ಜೊತೆ ಬಂದಿದ್ದ ನರ್ಸ್ ತನ್ನ ರಕ್ತ ತೆಗೆಯುವಾಗ ಅವನು ಕೇಳಿದ:

“ನನ್ನ ರಗತ ಗೆದ್ದೈತಿ ಅಂತೀರಿ. ಹಂಗಾದ್ರ ಅದನ್ನ ಇಕೀಗೆ ಹಾಕ್ರಲಾ. ಲಸಿಕಿ ಬರೂತನಾ ಯಾಕ ಕಾಯಬೇಕ್ರಿ?”

“ಬ್ಯಾಡ್ರಿ, ಇವರ ರಗತ ಹಾಕಿದ್ರ ನಾನೂ ದಿನಾ ಚಾದಂಗಡಿ ಕಟ್ಟಿ ಮ್ಯಾಲ ಕುಂದರತೇನಿ” ಎಂದಳು ಹೆಂಡತಿ, ಬಾಗಿಲ ಮರೆಯಿಂದ. ನರ್ಸ್ ನಕ್ಕಳು.

ನಾನು ನಗಲಿಲ್ಲ. ಅವನ ತರ್ಕದಲ್ಲಿ ದೋಷವಿರಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ಬಂದೆ.

ಪರೀಕ್ಷೆಯ ಫಲ ಬಂತು. ಅವನ ಪ್ರತಿಕಾಯಗಳ ಹಿಡಿತ ಗಟ್ಟಿಯಾಗಿತ್ತು, ಆದರೆ ಹಿಡಿದದ್ದು ರೋಗಾಣು ಅಂಗಿಯಂತೆ ಬದಲಿಸುವ ಹೊರಪದರವನ್ನು. ಬದಲಾಗದ ಜಾಗವನ್ನು ಹಿಡಿಯುವಂಥದ್ದು ಆ ರಕ್ತದಲ್ಲಿ ಏನೂ ಇರಲಿಲ್ಲ. ಅದು ಆಕೆಯನ್ನು ಮುಂದಿನ ಜ್ವರದಿಂದ ಕಾಯಲಾರದೆಂದು ಹೋಗಿ ಹೇಳಿದೆ.

“ಅಂದ್ರ ನಂದು ಗೆದ್ದಿಲ್ಲೇನ್ರಿ?”

ಆ ಒಂದು ಸಲಕ್ಕೆ ಗೆದ್ದಿದೆ ಎಂದೆ. ಅವನು ಮಣ್ಣು ಕಲಸಿ ಗೋಡೆಯ ಬಿರುಕುಗಳನ್ನು ಮುಚ್ಚತೊಡಗಿದ.

ಜೋಳ ಕೊಯ್ಲಿಗೆ ಬರುವ ಮೊದಲೇ ಅವನ ಹೆಂಡತಿಗೆ ಮತ್ತೆ ಅದೇ ಜ್ವರ ಬಂತು. ವಿಜಯಪುರದ ಆಸ್ಪತ್ರೆಯಲ್ಲಿ ಆಕೆ ಉಳಿದಳು, ಹೊಟ್ಟೆಯೊಳಗಿನ ಮಗು ಉಳಿಯಲಿಲ್ಲ.

ಎರಡನೆಯ ಜ್ವರ ದಾಟಿದವರ ರಕ್ತದಲ್ಲಿ ನಮಗೆ ಬೇಕಾದ ಪ್ರತಿಕಾಯ ಸಿಗಬಹುದೆಂದು ಪ್ರಯೋಗಾಲಯ ಆಕೆಯ ರಕ್ತ ತರಲು ನನ್ನನ್ನೇ ಕಳಿಸಿತು. ಇಂದಿನ ನೋವು ನಾಳೆ ಬರುವವರಿಗೆ ರಕ್ಷೆಯಾಗಬೇಕೆಂಬುದು ನಾನು ಬಾಳಿನುದ್ದಕ್ಕೂ ನಂಬಿದ ಮಾತು. ತಿಕೋಟಾ ದಾಟುವವರೆಗೆ ಬಸ್ಸಿನಲ್ಲಿ ಅದನ್ನೇ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿಕೊಂಡೆ. ಪ್ರತಿಯೊಂದೂ ನಿಜವಾಗಿತ್ತು. ಒಂದನ್ನೂ ಆ ಮನೆಯ ಮುಂದೆ ಆಡಲಾಗಲಿಲ್ಲ.

ಹೊಸ್ತಿಲ ಬಳಿ ಕುಳಿತಿದ್ದ ಆಕೆ ನರ್ಸಿನ ಕೈಯ ಪೆಟ್ಟಿಗೆ ನೋಡಿದಳು. ಸೆರಗು ಸರಿಸಿ ತೋಳು ಚಾಚಿದಳು.

“ಮುಂದಿನವರಿಗೆ ಚಲೋ ಆಗ್ಲಿ ಅಂತ ಕೊಡಾಕತ್ತಿಲ್ರಿ ನಾ. ದೂರಿಂದ ಬಂದೀರಿ, ಬರಿಗೈಲೆ ಹೆಂಗ ಕಳಸೂದು?”

ಪಕ್ಕದಲ್ಲಿ ಕುಳಿತಿದ್ದ ಗಂಡ ಎದ್ದು ಕುರಿಗಳ ಕಡೆ ನಡೆದ. ನರ್ಸ್ ನನ್ನ ಮುಖ ನೋಡಿದಳು. ತೆಗೆದುಕೊಳ್ಳಲು ಹೇಳಿದೆ.

ಆ ರಕ್ತದಲ್ಲೂ ನಾವು ಹುಡುಕಿದ್ದು ಸಿಗಲಿಲ್ಲ. ಅದನ್ನು ಆಕೆಗೆ ಹೇಳಲು ನಾನು ಇನ್ನೂ ಹೋಗಿಲ್ಲ.