ಒಳಗೆ ಆಡಿದ ಮಾತು

ಗಾಳಿಯಂತ್ರಗಳ ದುರಸ್ತಿ ನೋಡಿಕೊಳ್ಳುವ ಒಂದು ಖಾಸಗಿ ಸಂಸ್ಥೆಯ ಗದಗ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಮುಂಡರಗಿ, ಶಿರಹಟ್ಟಿ ಕಡೆಯ ಗುಡ್ಡಗಳಲ್ಲಿ ಕಂಬ ಹತ್ತುವ ಮೆಕ್ಯಾನಿಕ್‌ಗಳಿಗೆ ಕುರ್ಚಿಯಲ್ಲಿ ಕೂತು ಕೆಲಸ ಹಂಚುವವನು. ನಮ್ಮ ಮಾತುಕತೆಯೆಲ್ಲ ಮೊಬೈಲಿನ ಒಂದು ಆಪ್‌ನಲ್ಲಿ, ಸಿಬ್ಬಂದಿಯ ಗ್ರೂಪಿನಲ್ಲಿ. ಹೊರಗಿನವರು ಅದನ್ನು ನೋಡುವಂತಿರಲಿಲ್ಲ.

ಜನ ನಮ್ಮ ಬಗ್ಗೆ ಸೋಶಿಯಲ್ ಮೀಡಿಯಾದಲ್ಲಿ ಏನು ಬರೆಯುತ್ತಾರೆ ಎಂದು ತಕ್ಷಣ ತಿಳಿಯಬೇಕೆಂದು ಮ್ಯಾನೇಜರಿಗೆ ಅನಿಸಿತು. ಸಂಸ್ಥೆಯ ಹೆಸರಿರುವ ಪೋಸ್ಟುಗಳು ತಾವಾಗಿಯೇ ಗ್ರೂಪಿಗೆ ಬಂದು ಬೀಳುವಂತೆ ಮಾಡಲು ನನಗೆ ಹೇಳಿದರು. ಒಂದು ಮಧ್ಯಾಹ್ನ ಕೂತು ನಮ್ಮ ಗ್ರೂಪನ್ನೂ ಸಂಸ್ಥೆಯ ಸೋಶಿಯಲ್ ಮೀಡಿಯಾ ಖಾತೆಯನ್ನೂ ಜೋಡಿಸಿದೆ. ಅದು ಏನೇನೋ ಅನುಮತಿ ಕೇಳಿತು. ಓದದೆ ಎಲ್ಲಕ್ಕೂ ಹೌದೆಂದು ಒತ್ತಿದೆ.

ಮೊದಲು ಬಂದವು ರೆಕ್ಕೆಗಳ ಸದ್ದಿನ ದೂರುಗಳು. ವಾರ ಕಳೆದ ಮೇಲೆ ಸತ್ತವನೊಬ್ಬನ ಹೆಸರು ಬಂತು.

ಅವನು ನಮ್ಮ ಮೆಕ್ಯಾನಿಕ್, ಅಡರಕಟ್ಟಿಯವನು. ಎರಡು ತಿಂಗಳ ಹಿಂದೆ ಕೆಲಸಕ್ಕೆ ಬರುವಾಗ ಡಂಬಳದ ದಾರಿಯಲ್ಲಿ ಬೈಕ್ ಉರುಳಿ ತೀರಿಕೊಂಡಿದ್ದ. ಈಗ ಅವನ ಖಾತೆಯಿಂದ, ಸಂಸ್ಥೆಯ ಹೆಸರಿನೊಂದಿಗೆ ಒಂದು ಫೋಟೊ: ಕಂಬದ ತುದಿಯಿಂದ ಕಂಡ ಕರಿಹೊಲಗಳು, ಅವುಗಳ ಮೇಲೆ ಮೋಡದ ನೆರಳು. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ಹೆಸರು ಕಂಡಾಗಲೆಲ್ಲ ಅವನೇ ಡ್ಯೂಟಿಗೆ ಬಂದಂತೆ ಅನಿಸುತ್ತಿತ್ತು.

"ಯಾರೋ ಅವನ ಖಾತೆ ಕದ್ದಾರ," ಎಂದು ಗ್ರೂಪಿನಲ್ಲಿ ಒಬ್ಬ ಬರೆದ. "ತಗದು ಹಾಕ್ರಿ, ನೋಡಾಕ ಆಗವಲ್ತು," ಎಂದ ಇನ್ನೊಬ್ಬ. ಅದರ ಕೆಳಗೆ ನಾನು ಬರೆದೆ: "ಬೈಕ್ ಭಾಳ ಜೋರ್ ಹೊಡೀತಿದ್ದ. ಯಾರ ಮಾತೂ ಕೇಳ್ತಿದ್ದಿಲ್ಲ."

ಯಾಕೆ ಬರೆದೆ ಎಂದು ನನಗೆ ಗೊತ್ತು. ಅವನು ಸತ್ತ ಬೆಳಿಗ್ಗೆ ಒಂದು ಗಾಳಿಯಂತ್ರ ಕೆಟ್ಟು ನಿಂತಿತ್ತು. "ಎಷ್ಟೊತ್ತು ಮಾಡ್ತೀಲೇ, ಜಲ್ದಿ ಬಾ," ಎಂದು ಫೋನ್ ಮಾಡಿದವನು ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ದಿನದ ನಂತರ, ಫೋಟೊ ಹಾಕುತ್ತಿರುವವರು ಯಾರೆಂದು ನೋಡಲು ಅವನ ಪುಟವನ್ನೇ ತೆರೆದೆ. ಫೋಟೊಗಳ ಕೆಳಗೆ ನಮ್ಮ ಮಾತುಗಳಿದ್ದವು. ನಾವು ಒಳಗೆ ಬರೆದದ್ದೆಲ್ಲ ಸಂಸ್ಥೆಯ ಹೆಸರಿನಲ್ಲಿ ಹೊರಗೂ ಹೋಗಿತ್ತು. ನಾನು ಹೌದೆಂದು ಒತ್ತಿದ್ದರಲ್ಲಿ ಅದೂ ಒಂದು. ಜೋಡಣೆ ತೆಗೆದೆ, ಒಂದೊಂದೇ ಮಾತು ಅಳಿಸಿದೆ.

"ಅಳಿಸೀರಲ್ಲ, ಆತು ಬಿಡ್ರಿ," ಎಂದರು ಮ್ಯಾನೇಜರು. ನನ್ನಿಂದ ಬಿಡಲಾಗಲಿಲ್ಲ. ಆ ಭಾನುವಾರ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಅಡರಕಟ್ಟಿಗೆ ಹೋದೆ.

ಅವನ ಅಕ್ಕ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕುಬಸ ಹೊಲಿಯುತ್ತಿದ್ದರು. ತಮ್ಮನ ಫೋನು ಪಕ್ಕದಲ್ಲಿತ್ತು. ನಾನು ಯಾರೆಂದು ಹೇಳಿದೆ.

"ಕುಂಡ್ರಿ," ಎಂದರು. "ಫೋಟೊ ಹಾಕಾಕಿ ನಾನಽ ರೀ. ಮ್ಯಾಲೆ ನಿಂತು ಅಂವ ಏನ್ ನೋಡ್ತಿದ್ದ ಅಂತ ನಾನೂ ಈಗ ನೋಡಾಕತ್ತೇನಿ."

"ಅಕ್ಕಾರ, ಫೋಟೊ ಕೆಳಗ ಬರ್ದದ್ದು..."

"ಓದೇನ್ರಿ."

"ಜೋರ್ ಹೊಡೀತಿದ್ದ ಅಂತ ಬರದಾಂವ ನಾನು. ಅವತ್ತು ಜಲ್ದಿ ಬಾ ಅಂತ ಫೋನ್ ಮಾಡಿದಾಂವನೂ ನಾನು."

ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. "ಫೋನ್ ಮಾಡಿದ್ದು ಗೊತ್ತೈತ್ರಿ. ಅವನ ಈ ಫೋನಿನ್ಯಾಗ ಕಡೀ ಕಾಲ್ ನಿಮ್ಮದೇ. ಒಂದ್ ದಿನ ಬರ್ತೀರಿ ಅಂತ ಅನ್ಕೊಂಡಿದ್ದೆ."

ಬೈಯಲಿಲ್ಲ. ಚಹಾ ಕೊಟ್ಟರು, ಕುಡಿದೆ. ಬೈದಿದ್ದರೆ ಬಸ್ಸಿನಲ್ಲಿ ಸ್ವಲ್ಪ ಹಗುರಾಗಿ ಕೂತು ಬರುತ್ತಿದ್ದೆನೇನೋ.

ಅವರು ಈಗಲೂ ಫೋಟೊ ಹಾಕುತ್ತಾರೆ. ಗ್ರೂಪಿಗೆ ಅವು ಬರುವುದಿಲ್ಲ. ನಾನೇ ಹೋಗಿ ನೋಡುತ್ತೇನೆ. ಮೊನ್ನೆಯ ಫೋಟೊದಲ್ಲಿ ಕಂಬದ ಬುಡಕ್ಕೆ ಒಂದು ಜೀಪು, ಪಕ್ಕದಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುವ ಒಬ್ಬ ಮನುಷ್ಯ, ಇರುವೆಯಷ್ಟು. ದೊಡ್ಡದು ಮಾಡಿ ನೋಡಿದೆ. ಅಂಗಿ ನನ್ನದು. ನಾನು ಗುಡ್ಡಕ್ಕೆ ಹೋದದ್ದೇ ಒಂದೆರಡು ಸಲ. ಅವನು ಯಾವಾಗ ತೆಗೆದನೋ ತಿಳಿಯದು. ಫೋಟೊದ ಕೆಳಗೆ ಯಾರೂ ಏನೂ ಬರೆದಿಲ್ಲ.